ಸಿವಿಕ್ಕೋ ಕೊರೊಲ್ಲಾನೋ? ಮಗುವಿನ ಸೀಟ್ ತಗೊಂಡು ಹೋಗಿ ನೋಡಿ

ಮಿನಿಯಾಪೊಲಿಸ್‌ಗೆ ಬಂದು ಎರಡು ತಿಂಗಳಾಯಿತು, ಆಫೀಸಿಗೆ ಹೋಗಲು 22 ಮೈಲಿ ಬರಲು 22 ಮೈಲಿ, ಮಾರ್ಚ್‌ನಲ್ಲಿ ಹೆಂಡತಿ ಮತ್ತು ಎಂಟು ತಿಂಗಳ ಮಗಳು ಬರುತ್ತಾರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಹೋಂಡಾ ಸಿವಿಕ್ ತಗೊಳ್ಳಲಾ ಟೊಯೊಟಾ ಕೊರೊಲ್ಲಾ ತಗೊಳ್ಳಲಾ ಎಂದು ಕೇಳಿದ್ದೀರಿ. ಸುತ್ತಿ ಬಳಸಿ ಹೇಳುವುದಿಲ್ಲ. ನಿಮಗೆ ಸಿವಿಕ್.

ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಎರಡನ್ನೂ ಇಟ್ಟುಕೊಂಡಿದ್ದವನು. ಕೊರೊಲ್ಲಾ ಮೇಲೆ ನನಗೆ ಸಿಟ್ಟೇನೂ ಇಲ್ಲ, ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಕಾರು ಅಲ್ವಾ. 2020ರಲ್ಲಿ ಭಾರತದಲ್ಲಿ ಅದೂ ನಿಂತಿತು, ಸಿವಿಕ್ಕೂ ನಿಂತಿತು. ಊರಲ್ಲಿ ಇವೆರಡೂ ದುಡ್ಡಿದ್ದವರ ಕಾರು. ಇಲ್ಲಿ ಕಾಲೇಜು ಹುಡುಗರು, ಪಿಜ್ಜಾ ತಂದುಕೊಡುವವರು ಓಡಿಸುವ ಚಿಕ್ಕ ಕಾರು.

ಸಿವಿಕ್ ಯಾಕೆ ಅಂದರೆ ಮಗು. ಮಗುವಿನ ಸೀಟನ್ನು ಹಿಂದಿನ ಸೀಟಿನಲ್ಲಿ, ಅದರ ಮುಖ ಕಾರಿನ ಹಿಂಬದಿಗೆ ಇರುವ ಹಾಗೆ ಕಟ್ಟಬೇಕು. ಎರಡು ವರ್ಷ ತುಂಬುವವರೆಗೆ ಹಾಗೇ ಇರಬೇಕೆಂದು ಮಿನ್ನೆಸೋಟದಲ್ಲಿ 2024ರ ಆಗಸ್ಟ್‌ನಿಂದ ಕಾನೂನೇ ಇದೆ. ಆ ಸೀಟಿಗೆ ಉದ್ದಕ್ಕೆ ಜಾಗ ಬೇಕು, ಅದು ಮುಂದಿನ ಸೀಟನ್ನು ತಳ್ಳಿಕೊಂಡು ಕೂರುತ್ತದೆ. ಹಿಂದೆ ಕಾಲಿಡುವ ಜಾಗ ಈಗಿನ ಕೊರೊಲ್ಲಾ ಸೆಡಾನ್‌ನಲ್ಲಿ 34.8 ಇಂಚು, 2022ರಿಂದ ಬಂದ ಸಿವಿಕ್‌ನಲ್ಲಿ 37.4. ಎರಡೂವರೆ ಇಂಚಿಗೆ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ನಮ್ಮಲ್ಲಿ ಕೊರೊಲ್ಲಾ ಇದ್ದಾಗ ನನ್ನ ಹೆಂಡತಿ ಒಂದಿಡೀ ಚಳಿಗಾಲ ಮಂಡಿಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡೇ ಓಡಾಡಿದಳು. ಆಮೇಲೆ ಮಾವನವರು ಬಂದರು. ಮಗುವಿನ ಪಕ್ಕ ಕೂರಿಸಿಕೊಂಡು ಡುಲೂತ್‌ಗೆ ಕರೆದುಕೊಂಡು ಹೋದೆ, ಎರಡೂವರೆ ಗಂಟೆ ದಾರಿ, ವಾಪಸ್ ಬರುವಾಗ ಮನುಷ್ಯ ಒಂದು ಮಾತೂ ಆಡಲಿಲ್ಲ. ಸುಪೀರಿಯರ್ ಸರೋವರ ನೋಡಿ ಮೂಕರಾಗಿದ್ದಾರೆ ಅಂದುಕೊಂಡೆ. ಮಂಡಿ ನೋವಂತೆ. ಮುಂದಿನ ತಿಂಗಳೇ ಕಾರು ಬದಲಾಯಿಸಿದೆ.

ಡಿಕ್ಕಿ ಕೂಡ ಸಿವಿಕ್‌ನದೇ ಸ್ವಲ್ಪ ದೊಡ್ಡದು. ಮಗುವಿನ ಗಾಡಿ ಇಟ್ಟ ಮೇಲೂ ಅಕ್ಕಿ ಮೂಟೆಗೆ ಜಾಗ ಉಳಿಯುತ್ತದೆ.

ಆಫೀಸಿನವರು ಕೊರೊಲ್ಲಾ ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವುದು, ತಗೋ ಅಂದರು ಅಂತ ಬರೆದಿದ್ದೀರಿ. ಒಳ್ಳೆಯ ಕಾರು, ಆದರೆ ಲೆಕ್ಕ ಹಾಕಿ. ಸರ್ಕಾರಿ ಲೆಕ್ಕದಲ್ಲಿ ಅದು ಗ್ಯಾಲನ್‌ಗೆ 50 ಮೈಲಿ, ಪೆಟ್ರೋಲ್ ಕೊರೊಲ್ಲಾ, ಸಿವಿಕ್ ಎರಡೂ 35ರ ಆಸುಪಾಸು. ನಮ್ಮ ಭಾಷೆಯಲ್ಲಿ ಲೀಟರಿಗೆ 21 ಕಿಲೋಮೀಟರ್, 15 ಕಿಲೋಮೀಟರ್. ದಿನಕ್ಕೆ 44 ಮೈಲಿಯಂತೆ 22 ದಿನ ಓಡಿಸಿದರೆ ತಿಂಗಳಿಗೆ ಉಳಿಯುವುದು ಸುಮಾರು 8 ಗ್ಯಾಲನ್. ಗ್ಯಾಲನ್‌ಗೆ ಮೂರು ಡಾಲರ್ ಎಂದಿಟ್ಟುಕೊಂಡರೆ 25 ಡಾಲರ್. ಹೈಬ್ರಿಡ್‌ಗೆ ಎರಡು ಸಾವಿರ ಜಾಸ್ತಿ ಕೇಳಿದರೆ ಅದು ಹುಟ್ಟುವುದಕ್ಕೆ ಆರೂವರೆ ವರ್ಷ ಬೇಕು. ಅದೂ ಜನವರಿಯಲ್ಲಿ ಒಳಗೆ ಬೆಚ್ಚಗಿಡಲು ಇಂಜಿನ್ ಓಡುತ್ತಲೇ ಇರಬೇಕಾಗುತ್ತದೆ, ಆಗ ಆ 50 ಸಿಗುವುದಿಲ್ಲ. ಅದರಲ್ಲಿ ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವುದು, ಬರುತ್ತದಲ್ಲಾ ಅಂತೀರಿ. ಹಿಮದಲ್ಲಿ ಹೊರಡಲು ಅದು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಆ ದುಡ್ಡಲ್ಲಿ ನಾಲ್ಕು ವಿಂಟರ್ ಟೈರ್ ಹಾಕಿಸಿ.

ಆದರೂ ಕೊರೊಲ್ಲಾನೇ ಬೇಕೆಂದರೆ 2023 ಅಥವಾ ಅದರ ನಂತರದ್ದು ನೋಡಿ. ಅದಕ್ಕೆ ಹಿಂದಿನ ಎಲ್‌ಇ ಮಾಡೆಲ್‌ನಲ್ಲಿ 139 ಹಾರ್ಸ್‌ಪವರ್, ಆಮೇಲಿನದಕ್ಕೆ 169. ಹಳೆಯದರಲ್ಲಿ ರ‍್ಯಾಂಪ್ ಹತ್ತಿ ಫ್ರೀವೇ ಸೇರುವಾಗ ಇಂಜಿನ್ನಿನ ಕೂಗು ಜಾಸ್ತಿ, ಓಟ ಕಮ್ಮಿ.

ಸಿವಿಕ್ ದೇವರ ಕಾರೇನಲ್ಲ. 2024ರ ಅಕ್ಟೋಬರ್‌ನಲ್ಲಿ ಸ್ಟೀರಿಂಗ್ ಬಿಗಿಯಾಗುವ ತೊಂದರೆಗೆ ಹೋಂಡಾ ಅಮೆರಿಕದಲ್ಲಿ ಸುಮಾರು 17 ಲಕ್ಷ ಕಾರುಗಳನ್ನು ರೀಕಾಲ್ ಮಾಡಿತು, ಅಂದರೆ ರಿಪೇರಿಗೆ ವಾಪಸ್ ಕರೆಯಿತು, ಅದರಲ್ಲಿ 2022ರಿಂದ 2025ರ ಸಿವಿಕ್ ಇದೆ. ಇಲ್ಲಿನ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಕಾರಿನ ವಿನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಆ ಕೆಲಸ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆಗಿಲ್ಲದಿದ್ದರೆ ಡೀಲರ್ ಪುಕ್ಕಟೆ ಮಾಡಿಕೊಡಬೇಕು.

ಇನ್ಶೂರೆನ್ಸ್ ವಿಷಯ ನೀವು ಕೇಳಲೇ ಇಲ್ಲ. ಊರಲ್ಲಿ ಹತ್ತು ವರ್ಷ ಓಡಿಸಿದ್ದನ್ನು ಇಲ್ಲಿ ಬಹಳಷ್ಟು ಕಂಪನಿಗಳು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಇಲ್ಲಿ ಸಾಲ ಪಡೆದು ತೀರಿಸಿದ ದಾಖಲೆ, ಅಂದರೆ ಕ್ರೆಡಿಟ್ ಹಿಸ್ಟರಿ, ಬೇರೆ ನಿಮಗಿಲ್ಲ. ಕಾರಿಗೆ ಮಾತು ಕೊಡುವ ಮೊದಲೇ ಎರಡೂ ಕಾರಿನ ವಿನ್ ಹಾಕಿ ಪ್ರೀಮಿಯಂ ಎಷ್ಟಾಗುತ್ತದೆಂದು ಮೂರು ನಾಲ್ಕು ಕಡೆ ಕೋಟ್ ತಗೊಳ್ಳಿ. ಸಾಲಕ್ಕೆ ಮೊದಲು ಕ್ರೆಡಿಟ್ ಯೂನಿಯನ್ನಿನಲ್ಲಿ, ಅಂದರೆ ನಮ್ಮ ಸಹಕಾರಿ ಬ್ಯಾಂಕಿನಂಥದ್ದರಲ್ಲಿ, ವಿಚಾರಿಸಿ. ನನ್ನ ಮೊದಲ ಕಾರಿನ ಹೊತ್ತಿಗೆ ಸೇಲ್ಸ್‌ನವನು ತಿಂಗಳ ಕಂತು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಸಹಿ ಮಾಡಿ ಮನೆಗೆ ಬಂದು ನೋಡಿದರೆ ಟೈರಿಗೆ ನೈಟ್ರೋಜನ್ ತುಂಬಿದ್ದಕ್ಕೂ ದುಡ್ಡು ಹಾಕಿದ್ದ! "ತೆರಿಗೆ, ಫೀಸು ಎಲ್ಲಾ ಸೇರಿ ಒಟ್ಟು ಎಷ್ಟು, ಬರೆದು ಕೊಡಿ" ಅಂತ ಮೊದಲೇ ಕೇಳಿ.

ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮಗುವಿನ ಸೀಟ್ ಜೊತೆಯಲ್ಲಿರಲಿ. ಅಲ್ಲೇ ಕಟ್ಟಿ, ಮುಂದಿನ ಸೀಟಿನಲ್ಲಿ ಹತ್ತು ನಿಮಿಷ ಕೂತು ನೋಡಿ. ನಮ್ಮದೊಂದು ಗ್ಯಾರೇಜಿನಲ್ಲಿ ಬಿದ್ದಿದೆ. ನಿಮಗೇ ಕೊಡೋಣ ಅಂದರೆ ಅವಧಿ ಮುಗಿದಿದೆ, ಇಲ್ಲಿ ಅದಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತದೆ. ಅಳತೆ ನೋಡಲು ಸಾಕು, ಶನಿವಾರ ಬಂದು ತಗೊಂಡು ಹೋಗಿ.