17ರ ಹುಡುಗನ ಇಎಂಟಿ ರಿಸಲ್ಟ್ ಬಂದಿಲ್ಲ, ವಯಸ್ಸು ಅಡ್ಡ ಬಂತಾ?

ನಿಮ್ಮ ಪ್ರಶ್ನೆ ಇಷ್ಟು: ತಂಗಿಯ ಮಗನಿಗೆ 17. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೈಸ್ಕೂಲಿನ ಜೊತೆಗೇ ಇಎಂಟಿ, ಅಂದರೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರ ಕೋರ್ಸ್ ಮುಗಿಸಿದ್ದಾನೆ. ಹೋದ ಶುಕ್ರವಾರ ಮಧ್ಯಾಹ್ನ ನ್ಯಾಷನಲ್ ರಿಜಿಸ್ಟ್ರಿಯ (ಇಎಂಟಿಗಳಿಗೆ ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಕಂಪ್ಯೂಟರ್ ಪರೀಕ್ಷೆ ಬರೆದು, ಶನಿವಾರ ವಿಮಾನ ಹತ್ತಿ ಜಯನಗರದ ಅಜ್ಜಿ ಮನೆಗೆ ಬಂದಿದ್ದಾನೆ. ಪರೀಕ್ಷೆ 70ನೇ ಪ್ರಶ್ನೆಗೇ ನಿಂತುಹೋಯಿತಂತೆ. ಮಂಗಳವಾರ ಬೆಳಗ್ಗೆಯಾದರೂ ರಿಸಲ್ಟ್ ಇಲ್ಲ. 18 ತುಂಬಿಲ್ಲ ಅಂತ ತಡೆಹಿಡಿದಿದ್ದಾರಾ, ಅವರಮ್ಮ ಫೋನ್ ಮಾಡಿದರೆ ಹೇಳುತ್ತಾರಾ, ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜಿಗೆ ಹೋದಮೇಲೆ ಈ ಸರ್ಟಿಫಿಕೇಟ್ ನಡೆಯುತ್ತಾ, ಅಲ್ಲಿಯವರೆಗೆ ಬೆಂಗಳೂರಲ್ಲಿ ಅವನು ಏನು ಮಾಡಬಹುದು.

ತಡೆಹಿಡಿದಿಲ್ಲ ಸಾರ್. ದಿನ ಎಣಿಸಿದ್ದರಲ್ಲಿ ಎಡವಟ್ಟಾಗಿದೆ, ಅಷ್ಟೇ.

ರಿಸಲ್ಟ್ ಸಾಮಾನ್ಯವಾಗಿ ಪರೀಕ್ಷೆಯಾದ ಎರಡು ಕೆಲಸದ ದಿನಗಳೊಳಗೆ ರಿಜಿಸ್ಟ್ರಿ ವೆಬ್‌ಸೈಟಿನ ಅವನ ಖಾತೆಗೆ ಬರುತ್ತದೆ. ರಿಜಿಸ್ಟ್ರಿಯ ಕಚೇರಿ ಇರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಶುಕ್ರವಾರ ಬರೆದವನಿಗೆ ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಮೊದಲನೇ ದಿನ, ಮಂಗಳವಾರ ಎರಡನೆಯದು. ನೀವು ಮಂಗಳವಾರ ಬೆಳಗ್ಗೆ 8ಕ್ಕೆ ಕಾಫಿ ಕುಡಿಯುತ್ತಾ ಖಾತೆ ತೆರೆದಾಗ ಕೊಲಂಬಸ್‌ನಲ್ಲಿ ಇನ್ನೂ ಸೋಮವಾರ ರಾತ್ರಿ ಹತ್ತೂವರೆ. ನಿಮ್ಮ ಲೆಕ್ಕಕ್ಕೆ ನಾಲ್ಕು ದಿನ, ಅವರ ಲೆಕ್ಕಕ್ಕೆ ಒಂದು. ಅಲ್ಲಿ ಮಂಗಳವಾರ ಸಂಜೆ 5 ಅಂದರೆ ಇಲ್ಲಿ ಬುಧವಾರ ನಸುಕಿನ ಎರಡೂವರೆ. ರಾತ್ರಿಯೆಲ್ಲ ಎದ್ದು ಕೂತು ಪುಟ ರಿಫ್ರೆಶ್ ಮಾಡುವುದು ಬೇಡ, ಬುಧವಾರ ಎದ್ದಮೇಲೆ ನೋಡಲಿ. ಮಧ್ಯೆ ಮೇ ಕೊನೆಯ ಸೋಮವಾರವೋ ಜುಲೈ 4ರ ರಜೆಯೋ ಬಂದಿದ್ದರೆ ಇನ್ನೊಂದು ದಿನ ಸೇರಿಸಿಕೊಳ್ಳಿ.

ಫೋನಿನಲ್ಲಿ ರಿಸಲ್ಟ್ ಯಾರಿಗೂ ಹೇಳುವುದಿಲ್ಲ, ಅಮ್ಮನಿಗೂ ಇಲ್ಲ, ಹುಡುಗನಿಗೂ ಇಲ್ಲ. ಪರೀಕ್ಷೆ ನಡೆಸಿದ ಪಿಯರ್ಸನ್ ವ್ಯೂ ಸೆಂಟರಿನವರೂ ಹೇಳುವುದಿಲ್ಲ. ಹಾಗಾಗಿ ಅಮೆರಿಕದಲ್ಲಿರುವ ನಿಮ್ಮ ತಂಗಿ ರಜೆ ಹಾಕಿ ಫೋನ್ ಹಿಡಿದು ಕೂರುವುದರಿಂದ ಪ್ರಯೋಜನ ಇಲ್ಲ.

ಇನ್ನು ವಯಸ್ಸು. ಗೊಂದಲ ಹುಟ್ಟೋದೇ ಇಲ್ಲಿ, ಯಾಕಂದರೆ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಗಂಟಲ್ಲಿ ಕಟ್ಟಿಬಿಡುತ್ತಾರೆ. ಮೊದಲನೆಯದು ಪರೀಕ್ಷೆಯ ಪಾಸು ಫೇಲು. ಎರಡನೆಯದು ರಿಜಿಸ್ಟ್ರಿ ಕೊಡುವ ರಾಷ್ಟ್ರೀಯ ಸರ್ಟಿಫಿಕೇಟ್. ಮೂರನೆಯದು ಆಂಬುಲೆನ್ಸ್ ಹತ್ತಿ ರೋಗಿಯನ್ನು ಮುಟ್ಟಲು ಆಯಾ ರಾಜ್ಯ ಕೊಡುವ ಅನುಮತಿ. ರಿಜಿಸ್ಟ್ರಿಗೆ ತನ್ನದೇ ಆದ ಕನಿಷ್ಠ ವಯಸ್ಸಿನ ಷರತ್ತಿಲ್ಲ. ವಯಸ್ಸು ಕೇಳುವುದು ರಾಜ್ಯಗಳು, ಅದೂ ಒಂದೊಂದು ಒಂದೊಂದು ಥರ: ಪೆನ್ಸಿಲ್ವೇನಿಯಾದಲ್ಲಿ 16 ಸಾಕು, ನ್ಯೂಯಾರ್ಕ್‌ನಲ್ಲಿ 17, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ 18 ತುಂಬಿರಬೇಕು. ನೀವು ಈಗ ಕಾಯುತ್ತಿರುವುದು ಮೊದಲನೆಯದಕ್ಕೆ. ಅಲ್ಲಿ 17ರ ಹುಡುಗನೂ 40ರ ಗಂಡಸೂ ಒಂದೇ.

70ಕ್ಕೇ ನಿಂತದ್ದರಿಂದ ಪಾಸು ಅಂತಲೂ ಹೇಳಲಾಗದು, ಫೇಲು ಅಂತಲೂ ಹೇಳಲಾಗದು. ಇಎಂಟಿ ಪರೀಕ್ಷೆ 70ರಿಂದ 120 ಪ್ರಶ್ನೆಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಸಮಯ ಹೆಚ್ಚೆಂದರೆ 2 ಗಂಟೆ. ಚಿಕ್ಕಪೇಟೆಯ ಸೀರೆ ಅಂಗಡಿಯವನನ್ನು ನೆನೆಸಿಕೊಳ್ಳಿ. ಮೊದಲು ಮಧ್ಯಮ ದರದ ಸೀರೆ ಬಿಡಿಸುತ್ತಾನೆ. ನಿಮ್ಮ ಮುಖ ಅರಳಿದರೆ ಮೇಲಿನದು, ಹುಬ್ಬು ಗಂಟಿಕ್ಕಿದರೆ ಕೆಳಗಿನದು. ಹೀಗೆ ಹತ್ತು ಸೀರೆಯೊಳಗೆ ನಿಮ್ಮ ಜೇಬಿನ ಅಳತೆ ಅವನಿಗೆ ಸಿಕ್ಕಿರುತ್ತದೆ. ಈ ಪರೀಕ್ಷೆಯದೂ ಅದೇ ನಡೆ: ಸರಿ ಉತ್ತರಕ್ಕೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಿದರೆ ಸುಲಭದ್ದು. ಇವನು ಪಾಸಿನ ಗೆರೆಗಿಂತ ಮೇಲೋ ಕೆಳಗೋ ಅನ್ನುವುದು ಶೇ. 95ರಷ್ಟು ಖಚಿತವಾದ ಕೂಡಲೇ ಯಂತ್ರ ನಿಲ್ಲಿಸುತ್ತದೆ. 70ಕ್ಕೆ ನಿಂತರೆ ಬೇಗ ಖಚಿತವಾಯಿತು ಅಂತ ಮಾತ್ರ ಅರ್ಥ. ಯಾವ ಕಡೆಗೆ ಅನ್ನುವುದು ಅದರಲ್ಲಿಲ್ಲ. “ಅರ್ಧಕ್ಕರ್ಧ ಪ್ರಶ್ನೆ ಗೊತ್ತೇ ಇರಲಿಲ್ಲ ಮಾವ” ಅಂತ ಹುಡುಗ ಹೇಳುತ್ತಿದ್ದರೆ ಅದರಿಂದಲೂ ಏನೂ ತಿಳಿಯದು. ಚೆನ್ನಾಗಿ ಓದಿದವನಿಗೂ ಕೊನೆಕೊನೆಗೆ ಹಾಗೇ ಅನ್ನಿಸುವಂತೆ ಪ್ರಶ್ನೆಗಳು ಏರುತ್ತಾ ಹೋಗುತ್ತವೆ. ಜೊತೆಗೆ ಅಂಕಕ್ಕೆ ಸೇರದ, ಪ್ರಯೋಗಕ್ಕೆಂದು ತೂರಿಸಿದ ಪ್ರಶ್ನೆಗಳೂ ನಡುವೆ ಇರುತ್ತವೆ.

ಒಂದು ಎಚ್ಚರಿಕೆ. ನೆನಪಿರುವ ಪ್ರಶ್ನೆಗಳನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿ “ಇದಕ್ಕೆ ಏನು ಬರೆದೆ” ಅಂತ ಕೇಳಬೇಡ ಅನ್ನಿ. ಪ್ರಶ್ನೆ ಹೊರಗೆ ಬಿಡುವುದಿಲ್ಲ ಅಂತ ಒಪ್ಪಿಕೊಂಡೇ ಅವನು ಪರೀಕ್ಷೆಗೆ ಕೂತಿರುವುದು. ಬಿಟ್ಟದ್ದು ಗೊತ್ತಾದರೆ ಬಂದ ರಿಸಲ್ಟೂ ಹೋಗಬಹುದು. ಈ ವಯಸ್ಸಿನವರು ಸಿಕ್ಕಿಬೀಳುವುದು ಕಾಯುವ ಈ ಎರಡು ದಿನಗಳಲ್ಲೇ.

ಬುಧವಾರವೂ ಖಾಲಿ ಇದ್ದರೆ ಏನು ನೋಡಬೇಕು? ನನ್ನ ಅನುಮಾನ ಮೊದಲು ಹೋಗುವುದು ಹೆಸರಿನ ಕಡೆ. ನಮ್ಮವರ ಹೆಸರುಗಳು ಅಲ್ಲಿನ ಫಾರಂಗಳಿಗೆ ಒಗ್ಗುವುದಿಲ್ಲ. ಶಾಲೆಯಲ್ಲಿ ಒಂದಕ್ಷರದ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಡ್ರೈವಿಂಗ್ ಪರ್ಮಿಟ್‌ನಲ್ಲಿ ಊರಿನ ಹೆಸರೇ ಸರ್‌ನೇಮ್. ರಿಜಿಸ್ಟ್ರಿ ಖಾತೆಯ ಹೆಸರು ಗುರುತಿನ ಚೀಟಿಗೆ ಹೊಂದಲೇಬೇಕು. ಸಾಮಾನ್ಯವಾಗಿ ಇದು ಸೆಂಟರಿನ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಒಳಗೆ ಬಿಟ್ಟಿದ್ದಾರೆ ಅಂದರೆ ಹೆಚ್ಚುಕಡಿಮೆ ಸರಿಯಿದೆ ಅಂತಿಟ್ಟುಕೊಳ್ಳಿ, ಆದರೂ ಮೂರೂ ಕಡೆ ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುವಾಗ ಹೇಗೂ ಬೇಕಾಗುತ್ತದೆ.

ಎರಡನೆಯದು ಇಮೇಲ್. ಹೈಸ್ಕೂಲಿನ ಹುಡುಗರು ಶಾಲೆ ಕೊಟ್ಟ ವಿಳಾಸದಲ್ಲೇ ನೋಂದಾಯಿಸಿಕೊಂಡಿರುತ್ತಾರೆ. ಶಾಲೆ ಮುಗಿದಮೇಲೆ ಅದು ಮುಚ್ಚಿಹೋದರೆ ಸೂಚನೆಯೂ ಬರುವುದಿಲ್ಲ, ಪಾಸ್‌ವರ್ಡ್ ಮರೆತರೆ ಮತ್ತೆ ಹೊಂದಿಸುವ ಕೊಂಡಿಯೂ ಬರುವುದಿಲ್ಲ. ಮೇಲ್‌ಗೆ ಕಾಯದೆ ಖಾತೆಯೊಳಗೇ ಹೋಗಿ ನೋಡಲಿ, ಇವತ್ತೇ ಸ್ವಂತ ವಿಳಾಸಕ್ಕೆ ಬದಲಿಸಲಿ.

ಮೂರನೆಯದು, ಪಾಸು ಅಂತ ತೋರಿಸಿಯೂ ಸರ್ಟಿಫಿಕೇಟ್ ಬಾರದಿರುವುದು. ಕಂಪ್ಯೂಟರ್ ಪರೀಕ್ಷೆ ಅರ್ಧ ಭಾಗ. ಕೈಕೆಲಸದ ಪರೀಕ್ಷೆ, ಅಂದರೆ ಉಸಿರು ಕೊಡುವುದು, ರಕ್ತ ನಿಲ್ಲಿಸುವುದು, ರೋಗಿಯ ತಪಾಸಣೆ ಇತ್ಯಾದಿ, ಅದೂ ದಾಖಲಾಗಿರಬೇಕು. ಕೋರ್ಸ್ ಮುಗಿಸಿದ್ದಾನೆ ಅಂತ ಅಲ್ಲಿನ ಪ್ರೋಗ್ರಾಂ ಡೈರೆಕ್ಟರ್ ಆನ್‌ಲೈನ್‌ನಲ್ಲಿ ದೃಢೀಕರಿಸಿರಬೇಕು. ಬೇಸಿಗೆ ರಜೆಯಲ್ಲಿ ಶಾಲೆಯವರು ಊರಲ್ಲಿರುವುದಿಲ್ಲ, ಹಾಗಾಗಿ ಈ ಒಂದು ಟಿಕ್‌ಮಾರ್ಕ್‌ಗಾಗಿ ವಾರಗಟ್ಟಲೆ ಕಾಯುವವರಿದ್ದಾರೆ. ಖಾತೆಯಲ್ಲಿ ಯಾವುದಾದರೂ ಬಾಕಿ ಅಂತ ಕಂಡರೆ ಹುಡುಗನೇ ಆ ಶಿಕ್ಷಕರಿಗೆ ಎರಡು ಸಾಲು ಬರೆಯಲಿ: ಪೂರ್ತಿ ಹೆಸರು, ಕೋರ್ಸ್ ಮುಗಿದ ತಾರೀಖು, ಯಾವುದು ಬಾಕಿ ತೋರಿಸುತ್ತಿದೆ. ಎಲ್ಲ ಸರಿಯಿದ್ದೂ ಐದು ಕೆಲಸದ ದಿನ ದಾಟಿದರೆ ಆಗ ರಿಜಿಸ್ಟ್ರಿಗೆ ಬರೆಯಿರಿ, ಅದೂ ಅವನ ಖಾತೆಯಿಂದಲೇ, ಪರೀಕ್ಷೆಯ ದಿನಾಂಕ, ಸೆಂಟರು, ಬುಕಿಂಗಿನ ದೃಢೀಕರಣ ಸಂಖ್ಯೆಯೊಂದಿಗೆ.

ಫೇಲಾದರೂ ಆಕಾಶ ಕಳಚಿ ಬೀಳುವುದಿಲ್ಲ. 15 ದಿನ ಬಿಟ್ಟು ಮತ್ತೆ ಬರೆಯಬಹುದು. ಹೊಸ ಅರ್ಜಿ, ಹೊಸ ಶುಲ್ಕ. ಮೂರು ಸಲ ಫೇಲಾದರೆ 24 ಗಂಟೆಯ ಮರುತರಬೇತಿ, ಆಮೇಲೆ ಇನ್ನೂ ಮೂರು ಅವಕಾಶ, ಆರೂ ಮುಗಿದರೆ ಕೋರ್ಸನ್ನೇ ಮೊದಲಿಂದ. ನಿಮ್ಮ ಹುಡುಗನಿಗೆ ಆ 15 ದಿನ ಜಯನಗರದಲ್ಲೇ ಕಳೆದುಹೋಗುತ್ತದೆ, ವಾಪಸ್ ಹೋದ ವಾರವೇ ಬರೆಯಬಹುದು. ಯಾವ ಭಾಗದಲ್ಲಿ ಗೆರೆಗಿಂತ ಕೆಳಗಿದ್ದಾನೆ ಅಂತ ವರದಿ ಸಿಗುತ್ತದೆ, ಅದನ್ನು ಹಿಡಿದು ಓದಲಿ. 2025ರ ಏಪ್ರಿಲ್‌ನಿಂದ ಪರೀಕ್ಷೆಯ ವಿಂಗಡಣೆ ಬದಲಾಗಿದೆ: ಪ್ರಾಥಮಿಕ ತಪಾಸಣೆಯೊಂದೇ ಶೇ. 39ರಿಂದ 43, ಚಿಕಿತ್ಸೆ ಮತ್ತು ಸಾಗಣೆ ಶೇ. 20ರಿಂದ 24, ಸ್ಥಳದ ಅಂದಾಜು ಮತ್ತು ಸುರಕ್ಷತೆ ಶೇ. 15ರಿಂದ 19. ಹಳೆಯ ಪುಸ್ತಕ ಇಟ್ಟುಕೊಂಡು ಹೃದ್ರೋಗ ಒಂದು ಅಧ್ಯಾಯ, ಹೆರಿಗೆ ಒಂದು ಅಧ್ಯಾಯ ಅಂತ ಉರುಹೊಡೆದವರು ಎಡವುವುದು ಇದಕ್ಕೇ. ಈಗಿನ ಪ್ರಶ್ನೆ ಕೇಳುವುದು “ಮೊದಲು ಏನು ಮಾಡುತ್ತೀ” ಅಂತ. ನಾಲ್ಕೂ ಆಯ್ಕೆ ಸರಿಯಾದ ಕೆಲಸಗಳೇ ಆಗಿರುತ್ತವೆ, ಸರದಿ ಮಾತ್ರ ಒಂದೇ. ಹಳೆ ಪುಸ್ತಕದ ಅಂಕಿಗಳೂ ಕೈಕೊಡುತ್ತವೆ. ನಾಡಿ ಇದ್ದು ಉಸಿರಿಲ್ಲದ ಮಗುವಿಗೆ 3ರಿಂದ 5 ಸೆಕೆಂಡಿಗೊಂದು ಉಸಿರು ಅಂತ ಅವುಗಳಲ್ಲಿದೆ. 2020ರ ಮಾರ್ಗಸೂಚಿಯಿಂದ ಅದು 2ರಿಂದ 3 ಸೆಕೆಂಡಿಗೊಂದು. ದೊಡ್ಡವರಿಗೆ 6 ಸೆಕೆಂಡಿಗೊಂದು.

ಕ್ಯಾಲಿಫೋರ್ನಿಯಾ ವಿಷಯ. ಪಾಸಾದರೆ ರಾಷ್ಟ್ರೀಯ ಸರ್ಟಿಫಿಕೇಟ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಮತ್ತೆ ಕೋರ್ಸ್ ಮಾಡಬೇಕಿಲ್ಲ. ಆದರೆ 18 ತುಂಬುವವರೆಗೆ ಆ ರಾಜ್ಯ ಅವನಿಗೆ ಇಎಂಟಿ ಅನುಮತಿ ಕೊಡುವುದಿಲ್ಲ. ಡಿಸೆಂಬರ್‌ಗೆ 18 ಅಂತೀರಿ, ಅಲ್ಲಿಗೆ ನಾಲ್ಕು ತಿಂಗಳ ಕಾಯುವಿಕೆ, ಅಷ್ಟೇ. ರಾಷ್ಟ್ರೀಯ ಸರ್ಟಿಫಿಕೇಟಿನ ಅವಧಿ ಎರಡು ವರ್ಷದ್ದು, ಮುಗಿಯುವ ತಾರೀಖು ಮಾರ್ಚ್ 31ಕ್ಕೆ ಬೀಳುತ್ತದೆ, ನವೀಕರಣಕ್ಕೆ 40 ಗಂಟೆಯ ಕಲಿಕೆ ತೋರಿಸಬೇಕು. ಹಾಗಾಗಿ ನಾಲ್ಕು ತಿಂಗಳಲ್ಲಿ ಏನೂ ಹಾಳಾಗುವುದಿಲ್ಲ. ಅಲ್ಲಿ ಅರ್ಜಿ ಹೋಗುವುದು ಸ್ಥಳೀಯ ಇಎಂಎಸ್ (ತುರ್ತು ವೈದ್ಯಕೀಯ ಸೇವೆ) ಏಜೆನ್ಸಿಗೆ, ಹೆಚ್ಚಾಗಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಮಟ್ಟದ್ದು, ಶುಲ್ಕವೂ ಕಡೆಯಿಂದ ಕಡೆಗೆ ಬೇರೆ. ಲೈವ್ ಸ್ಕ್ಯಾನ್ ಅನ್ನುವ ಬೆರಳಚ್ಚು ತಪಾಸಣೆ ಕಡ್ಡಾಯ, ಅದರ ವರದಿ ಬರಲು ಸಮಯ ಹಿಡಿಯಬಹುದು. ಕಾಲೇಜು ಇರುವ ಕೌಂಟಿಯ ಫಾರಂ ಈಗಲೇ ಇಳಿಸಿಕೊಂಡು, ಹುಟ್ಟುಹಬ್ಬ ಕಳೆದ ವಾರವೇ ಬೆರಳಚ್ಚು ಕೊಡಲಿ. ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವ ತರಬೇತಿ) ಕಾರ್ಡಿನ ಅವಧಿ ಎರಡೇ ವರ್ಷ, ಅದು ಯಾವಾಗ ಮುಗಿಯುತ್ತದೆ ಅಂತಲೂ ನೋಡಿಕೊಳ್ಳಲಿ.

ಬೆಂಗಳೂರಿನಲ್ಲಿ ಆ ಸರ್ಟಿಫಿಕೇಟಿಗೆ ಕಾನೂನಿನ ಬಲ ಇಲ್ಲ, ನೇರ ಹೇಳಬೇಕು. “ನಾನು ಇಎಂಟಿ” ಅಂತ ಯಾರ ಮುಂದೂ ಹೇಳಿಕೊಳ್ಳುವುದು ಬೇಡ. ಆಂಬುಲೆನ್ಸಿನಲ್ಲಿ ಜೊತೆಗೆ ಕೂರಿಸಿಕೊಳ್ಳಿ ಅಂತ ಯಾರನ್ನೋ ಹಿಡಿದು ಶಿಫಾರಸು ಮಾಡಿಸುವುದೂ ಬೇಡ. ಅಪ್ರಾಪ್ತ ಹುಡುಗ, ಏನಾದರೂ ಹೆಚ್ಚುಕಮ್ಮಿಯಾದರೆ ಒಪ್ಪಂದಕ್ಕೂ ವಿಮೆಗೂ ಉತ್ತರ ಕೊಡುವವರಿರುವುದಿಲ್ಲ. ಹಾಗಂತ ರಸ್ತೆಯಲ್ಲಿ ಯಾರಾದರೂ ಬಿದ್ದರೆ ಕೈಕಟ್ಟಿ ನಿಲ್ಲಬೇಕಿಲ್ಲ. ಮೊದಲು 108 ಅಥವಾ 112. ಆಮೇಲೆ ಸಾಮಾನ್ಯ ದಾರಿಹೋಕ ಮಾಡಬಹುದಾದದ್ದು: ರಕ್ತ ಸುರಿಯುವಲ್ಲಿ ಒತ್ತಿ ಹಿಡಿಯುವುದು, ಪ್ರಜ್ಞೆಯೂ ಸರಿಯಾದ ಉಸಿರೂ ಇಲ್ಲದಿದ್ದರೆ ಎದೆ ಒತ್ತುವುದು, ನಿಮಿಷಕ್ಕೆ 100ರಿಂದ 120, ದೊಡ್ಡವರಲ್ಲಿ 5ರಿಂದ 6 ಸೆಂ.ಮೀ. ಆಳ. ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 134ಎ ಕಲಮಿನ ರಕ್ಷಣೆ ಇದೆ.

ಕೈ ಮರೆಯದಿರಲು ಮನೆಯಲ್ಲೇ ಒಳ್ಳೆಯ ಅಭ್ಯಾಸ ಇದೆ, ಅಜ್ಜಿ ಒಪ್ಪಿದರೆ. ಉಸಿರು ಎಣಿಸುವಾಗ ಎಣಿಸುತ್ತಿದ್ದೇನೆ ಅಂತ ಹೇಳಬಾರದು, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ನಾಡಿ ನೋಡುವವನ ಹಾಗೆ ಮಣಿಕಟ್ಟು ಹಿಡಿದುಕೊಂಡೇ 30 ಸೆಕೆಂಡು ಎದೆಯ ಏರಿಳಿತ ನೋಡಿ ಎರಡರಿಂದ ಗುಣಿಸಬೇಕು. ಬಿ.ಪಿ. ನೋಡುವ ಮುಂಚೆ ಅಜ್ಜಿ ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕಿಟ್ಟು ಕೂತಿರಬೇಕು, ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಕಫ್ ರವಿಕೆ ತೋಳಿನ ಮೇಲಲ್ಲ, ಬರೀ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ತೋಳು ಎದೆಯ ಮಟ್ಟಕ್ಕಿರಲಿ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಂತಾಗುವವರೆಗೆ ಗಾಳಿ ತುಂಬಿ, ಅದರ ಮೇಲೆ 30 ಮಿ.ಮೀ. ಏರಿಸಿ, ಸೆಕೆಂಡಿಗೆ 2ರಿಂದ 3 ಮಿ.ಮೀ. ಲೆಕ್ಕದಲ್ಲಿ ಇಳಿಸಬೇಕು. ಹೊಸಬರು ಬುಸ್ಸೆಂದು ಗಾಳಿ ಬಿಟ್ಟು ಮೇಲಿನ ಅಂಕಿಯನ್ನು ಕಡಿಮೆ ಓದುತ್ತಾರೆ. ಕಫ್ ಚಿಕ್ಕದಾದರೆ ಉಲ್ಟಾ, ಇಲ್ಲದ ಬಿ.ಪಿ. ತೋರಿಸುತ್ತದೆ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡಲಿ. ಅಂಕಿ ಎಷ್ಟೇ ಬರಲಿ, ಅಜ್ಜಿಯ ಮಾತ್ರೆಗೆ ಮಾತ್ರ ಕೈಹಾಕುವುದು ಬೇಡ, ಬರೆದ ಚೀಟಿ ಅವರ ಡಾಕ್ಟರಿಗೆ ತೋರಿಸಿ.