ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಕ್ಕೆ ಸರ್ಕಾರದ ಹಣ: ಯಾರನ್ನು, ಹೇಗೆ ಕೇಳಬೇಕು?

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನಲ್ಲಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತಿದ್ದೇವೆ. ನಾಲ್ಕು ವರ್ಷವಾಯಿತು. ನಿವೃತ್ತ ಶಿಕ್ಷಕರು, ಒಬ್ಬ ನರ್ಸ್ ಸೇರಿ ಸರ್ಕಾರಿ ಶಾಲೆಗಳಲ್ಲಿ ಸುರಕ್ಷಿತ ಸ್ಪರ್ಶದ ಬಗ್ಗೆ ಹೇಳಿಕೊಡುತ್ತೇವೆ, ತಾಯಂದಿರ ಸಭೆ ಮಾಡುತ್ತೇವೆ. ಇಷ್ಟು ದಿನ ಕೈಯಿಂದ ಹಾಕಿಕೊಂಡೆವು, ಇನ್ನು ಆಗುತ್ತಿಲ್ಲ. ಸರ್ಕಾರದ ಅನುದಾನಕ್ಕೆ ಎಲ್ಲಿ ಅರ್ಜಿ ಹಾಕಬೇಕು? ಮಕ್ಕಳ ವಸತಿ ಮನೆ ತೆರೆದರೆ ಹಣ ಬೇಗ ಬರುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ದಯವಿಟ್ಟು ಹಣಕ್ಕಾಗಿ ಮನೆ ತೆರೆಯಬೇಡಿ. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ, ಸರ್ಕಾರದ ಹಣ ಪಡೆಯಲಿ ಬಿಡಲಿ, 2015ರ ಬಾಲ ನ್ಯಾಯ ಕಾಯ್ದೆಯ 41ನೇ ಕಲಮಿನ ಪ್ರಕಾರ ನೋಂದಣಿ ಮಾಡಿಸಲೇಬೇಕು. ಮಾಡಿಸದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಮಾತೆಂದರೆ, ಮಗುವನ್ನು ಮನೆಯಿಂದ ತಂದು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ನೀವು ಮಾಡುತ್ತಿರುವುದು ಮಕ್ಕಳು ಅಲ್ಲಿಗೆ ಹೋಗುವ ಸ್ಥಿತಿ ಬರದಂತೆ ನೋಡಿಕೊಳ್ಳುವ ಕೆಲಸ. ಅದನ್ನು ಬಿಟ್ಟು ಹಾಸಿಗೆ ಎಣಿಸುವ ಕೆಲಸಕ್ಕೆ ಇಳಿಯಬೇಡಿ.

ಆದರೂ ಆ ಮಾತು ಏಕೆ ಹುಟ್ಟಿತು ಎಂಬುದು ಗೊತ್ತಿರಬೇಕು. ಮಕ್ಕಳ ರಕ್ಷಣೆಗೆ ಹೆಚ್ಚಿನ ಹಣ ಬರುವುದು ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಯೋಜನೆಯಿಂದ. 2009ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಾಗಿ ಶುರುವಾದದ್ದೇ ಈಗ ಈ ಹೆಸರಿನಲ್ಲಿದೆ. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ, ರಾಜ್ಯದ ಪಾಲು 60ಕ್ಕೆ 40. ಈ ಹಣದ ಬಹುಪಾಲು ವಸತಿ ಸಂಸ್ಥೆ, ತೆರೆದ ತಂಗುದಾಣ, ದತ್ತು ಕೇಂದ್ರ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ, ಪ್ರಾಯೋಜಕತ್ವ (ಬಡ ಕುಟುಂಬದ ಮಗುವಿಗೆ ತಿಂಗಳ ನೆರವು) ಇಂಥವಕ್ಕೆ ಹೋಗುತ್ತದೆ. ಅಂದರೆ ಪೆಟ್ಟು ಬಿದ್ದ ಮೇಲಿನ ಆರೈಕೆಗೆ ಜಾಸ್ತಿ, ಪೆಟ್ಟು ಬೀಳದಂತೆ ತಡೆಯುವುದಕ್ಕೆ ಕಡಿಮೆ. ‘ದೌರ್ಜನ್ಯ ತಡೆ ಅನುದಾನ’ ಎಂದು ಬೋರ್ಡು ಹಾಕಿಕೊಂಡ ಕಿಟಕಿ ಯಾವುದೂ ಇಲ್ಲ. ಇದು ಬದಲಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಅಲ್ಲಿಯವರೆಗೆ ನೀವು ಕಾಯುತ್ತಾ ಕೂರಬೇಕಿಲ್ಲ.

ಸಂಸ್ಥೆಗಳು ಸಾಮಾನ್ಯವಾಗಿ ದೆಹಲಿಗೋ ಬೆಂಗಳೂರಿಗೋ ದಪ್ಪ ಪ್ರಸ್ತಾವನೆ ಕಳಿಸಿ ಕಾಯುತ್ತವೆ. ಈ ಯೋಜನೆಯಲ್ಲಿ ಹಣ ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ ಬರುತ್ತದೆ. ರಾಜ್ಯ ಪ್ರತಿ ವರ್ಷ ತನ್ನ ಯೋಜನೆ, ಅಂದಾಜು ಖರ್ಚು ಕಳಿಸಿ ಕೇಂದ್ರ ಸಚಿವಾಲಯದ ಒಪ್ಪಿಗೆ ಪಡೆಯುತ್ತದೆ. ಹಾಗಾಗಿ ನಿಮ್ಮ ಬಾಗಿಲು ರಾಯಚೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಏಪ್ರಿಲ್ ಬಂದ ಮೇಲೆ ಹೋದರೆ ಆ ವರ್ಷದ ಲೆಕ್ಕ ಮುಗಿದಿರುತ್ತದೆ. ದೀಪಾವಳಿ, ಸಂಕ್ರಾಂತಿ ನಡುವೆಯೇ ಹೋಗಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯನ್ನು ಭೇಟಿ ಮಾಡಿ. ಮುಂದಿನ ವರ್ಷದ ತರಬೇತಿ, ಜಾಗೃತಿ ಕಾರ್ಯಕ್ರಮಗಳ ಸಾಲಿನಲ್ಲಿ ನಿಮ್ಮ ಕೆಲಸಕ್ಕೆ ಜಾಗವಿದೆಯೇ ಎಂದು ಕೇಳಿ. ಬಾಯಿಮಾತು ಸಾಲದು. ಎರಡು ಪುಟದ ಪತ್ರ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ.

ಆ ಎರಡು ಪುಟದಲ್ಲಿ ಏನಿರಬೇಕು? ಎಲ್ಲ ಪ್ರಸ್ತಾವನೆಗಳೂ 2007ರ ಕೇಂದ್ರ ಸರ್ಕಾರದ ಅಧ್ಯಯನದಿಂದ ಶುರುವಾಗುತ್ತವೆ. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದಾಗ ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಕರುಳು ಹಿಂಡುವ ಸಂಖ್ಯೆ, ನಿಜ. ಆದರೆ ಅಧಿಕಾರಿಗೆ ಅದು ಗೊತ್ತೇ ಇದೆ. ಅವರಿಗೆ ಬೇಕಿರುವುದು ನಿಮ್ಮ ತಾಲ್ಲೂಕಿನ ಚಿತ್ರ. ಕಳೆದ ಮೂರು ವರ್ಷದಲ್ಲಿ ತಾಲ್ಲೂಕಿನಲ್ಲಿ ದಾಖಲಾದ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣ ಎಷ್ಟು, ತಡೆದ ಬಾಲ್ಯವಿವಾಹ ಎಷ್ಟು, ಎಂಟನೇ ತರಗತಿ ದಾಟುವಾಗ ಶಾಲೆ ಬಿಟ್ಟ ಹೆಣ್ಣುಮಕ್ಕಳು ಎಷ್ಟು, ಕೂಲಿಗೆಂದು ಊರು ಬಿಡುವ ಮನೆಗಳ ಮಕ್ಕಳು ಆ ತಿಂಗಳುಗಳಲ್ಲಿ ಯಾರ ಜೊತೆ ಇರುತ್ತಾರೆ ಇದನ್ನೆಲ್ಲ ಹುಡುಕಿ. ಹೆಸರು, ಗುರುತು ಬೇಡ, ಬರೀ ಸಂಖ್ಯೆ ಸಾಕು. ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಇದೆಯಲ್ಲ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯ ನಡಾವಳಿ ಪ್ರತಿಯನ್ನೂ ತೆಗೆದುಕೊಳ್ಳಿ. ‘ಶಾಲೆ ದಾರಿಯಲ್ಲಿ ಕುಡುಕರ ಕಾಟ’ ಎಂದು ಮಕ್ಕಳೇ ಹೇಳಿ ದಾಖಲಾದ ಒಂದು ಸಾಲು ಹತ್ತು ಪುಟದ ವರದಿಗಿಂತ ಬಲವಾಗಿ ಮಾತಾಡುತ್ತದೆ.

ಆಮೇಲೆ ನೀವು ಏನು ಮಾಡುತ್ತೀರಿ, ಎಷ್ಟು ಖರ್ಚು ಎಂಬುದು. ‘ಜಾಗೃತಿ ಮೂಡಿಸುತ್ತೇವೆ’ ಎಂದು ಬರೆಯಬೇಡಿ. ಯಾವ ಶಾಲೆಗಳು, ಯಾವ ತರಗತಿ, ವರ್ಷಕ್ಕೆ ಎಷ್ಟು ಸಲ, ಹೇಳಿಕೊಡುವವರು ಯಾರು, ಮಗು ಏನಾದರೂ ಹೇಳಿಕೊಂಡರೆ ಅದೇ ದಿನ ಯಾರಿಗೆ ಫೋನ್ ಹೋಗುತ್ತದೆ ಅಂತ ಬರೆಯಿರಿ. ಒಂದೇ ಸಲ ಹೋಗಿ ಭಾಷಣ ಮಾಡಿ ಬರುವ ಕಾರ್ಯಕ್ರಮಕ್ಕೆ ನಾನಾದರೆ ಹಣ ಕೊಡುವುದಿಲ್ಲ. ಮಗು ಬಾಯಿ ಬಿಡುವುದು ಎರಡನೇ, ಮೂರನೇ ಸಲ ನಿಮ್ಮನ್ನು ನೋಡಿದಾಗ. ಖರ್ಚಿನಲ್ಲಿ ಬಸ್ ಚಾರ್ಜು, ಊಟ, ಮುದ್ರಣ, ಗೌರವಧನ ಎಲ್ಲಕ್ಕೂ ಬೇರೆ ಬೇರೆ ಸಾಲು ಇರಲಿ. ‘ಇತರೆ’ ಎಂದು ದೊಡ್ಡ ಮೊತ್ತ ಹಾಕಿದರೆ ಕಡತ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ದಾರಿಯನ್ನು ಸಣ್ಣ ಸಂಸ್ಥೆಗಳು ಗಮನಿಸುವುದೇ ಇಲ್ಲ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ಮಕ್ಕಳ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಯವರೂ ಆ ಪಟ್ಟಿಗೆ ಸೇರಬಹುದು. ಅವರಿಗೆ ಕೊಡುವ ಹಣ ಕುಶಲ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು ಎಂದು ನಿಯಮವೇ ಹೇಳುತ್ತದೆ. ನಿಮ್ಮ ನರ್ಸ್ ಅವರಿಗೆ ಇದು ಒಪ್ಪುವ ಕೆಲಸ. ಘಟಕದಲ್ಲಿ ಪಟ್ಟಿ ಯಾವಾಗ ತಯಾರಾಗುತ್ತದೆ ಎಂದು ಕೇಳಿ.

ಹಾಗೆಯೇ ನಿಮ್ಮ ಖಾತೆಗೆ ಬರದಿದ್ದರೂ ಮಕ್ಕಳನ್ನು ಕಾಯುವ ಹಣವೊಂದಿದೆ. ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಭಾಗದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು. ಗಂಡ ತೀರಿಕೊಂಡು ಒಬ್ಬಳೇ ದುಡಿಯುವ ತಾಯಿ, ಮಗಳನ್ನು ಕೆಲಸಕ್ಕೋ ಮದುವೆಗೋ ತಳ್ಳದೆ ಶಾಲೆಯಲ್ಲಿ ಉಳಿಸಿಕೊಳ್ಳಲು ಇದರಿಂದ ಆಗುತ್ತದೆ. ನಿಮ್ಮ ತಾಯಂದಿರ ಸಭೆಯಲ್ಲಿ ಇಂಥ ಅರ್ಜಿ ತುಂಬಿಸಿ ಕೊಡಿ. ಹೀಗೆ ಮಂಜೂರಾದ ಅರ್ಜಿಗಳೇ ಮುಂದೆ ನಿಮ್ಮ ಸಂಸ್ಥೆಯ ದೊಡ್ಡ ಶಿಫಾರಸು.

ಪ್ರಶ್ನೆ: ಯಾವ ಯಾವ ಕಾಗದ ಬೇಕು? ಎಫ್‌ಸಿಆರ್‌ಎ ಇಲ್ಲದೆ ಆಗುವುದಿಲ್ಲವಂತೆ, ಹೌದಾ?

ಉತ್ತರ: ಇಲ್ಲ. ಎಫ್‌ಸಿಆರ್‌ಎ ಬೇಕಾಗುವುದು ವಿದೇಶಿ ದೇಣಿಗೆಗೆ. ಸರ್ಕಾರದ ಹಣಕ್ಕೆ ನೋಂದಾಯಿತ ಟ್ರಸ್ಟ್ ಡೀಡ್ ಅಥವಾ ಸೊಸೈಟಿಯಾದರೆ ಬೈಲಾ, ಸಂಸ್ಥೆಯ ಪ್ಯಾನ್, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ (ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಜಾಲತಾಣ) ಸಿಗುವ ಸಂಖ್ಯೆ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಹಿಂದಿನ ವರ್ಷಗಳ ಆಡಿಟ್ ವರದಿ ಸಿದ್ಧವಿರಲಿ. ಡೀಡ್‌ನ ಉದ್ದೇಶಗಳಲ್ಲಿ ಮಕ್ಕಳ ರಕ್ಷಣೆ ಎಂಬ ಮಾತು ಇದೆಯೇ ನೋಡಿ. ಒಂದೇ ಕೆಲಸಕ್ಕೆ ಎರಡು ಇಲಾಖೆಯಿಂದ ಹಣ ಪಡೆಯುವಂತಿಲ್ಲ. ಕೇಂದ್ರದ ಅನುದಾನಕ್ಕೆ ಬ್ಯಾಂಕ್ ಕೊಟ್ಟ ಬಡ್ಡಿಯೂ ಸರ್ಕಾರದ್ದೇ. ಹಣ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಬರುವುದಿಲ್ಲ. ಮಂಜೂರಾದ ತಿಂಗಳೇ ಹಣ ಬರುತ್ತದೆ ಎಂದು ನಂಬಿ ಯಾರನ್ನೂ ಸಂಬಳಕ್ಕೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಣ್ಣ, ಅಲ್ಲಿ ತಡೆಯುವ ಕೆಲಸಕ್ಕೇ ಬೇರೆ ಹಣ ಇದೆ ಎನ್ನುತ್ತಾರೆ. ಹೇಗೆ?

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸರಿ. ಅಲ್ಲಿ 1974ರಲ್ಲೇ ಮಕ್ಕಳ ಮೇಲಿನ ದೌರ್ಜನ್ಯ ತಡೆ ಕಾನೂನು ಬಂತು. ಅದರ ಎರಡನೇ ಭಾಗದಡಿ ಸಮುದಾಯ ಮಟ್ಟದ ತಡೆಗೆಂದೇ ಹಣ ರಾಜ್ಯಗಳಿಗೆ ಹೋಗುತ್ತದೆ. ರಾಜ್ಯದ ಗವರ್ನರ್ (ಅಲ್ಲಿ ರಾಜ್ಯ ಸರ್ಕಾರದ ಮುಖ್ಯಸ್ಥರು ಅವರೇ) ಒಂದು ಸಂಸ್ಥೆಯನ್ನು ಹೊಣೆಗಾರನನ್ನಾಗಿ ಮಾಡುತ್ತಾರೆ, ಅದು ಪ್ರಸ್ತಾವನೆ ಕರೆದು ಸ್ಥಳೀಯ ಸಂಸ್ಥೆಗಳಿಗೆ ಹಂಚುತ್ತದೆ. ಜೊತೆಗೆ ರಾಜ್ಯಗಳ ಮಕ್ಕಳ ನಿಧಿಗಳಿವೆ. ಮೊದಲನೆಯದು 1980ರಲ್ಲಿ ಕ್ಯಾನ್ಸಸ್‌ನಲ್ಲಿ ಶುರುವಾಯಿತು, ಮದುವೆ ಲೈಸೆನ್ಸ್ ಶುಲ್ಕದ ಮೇಲೆ ಸ್ವಲ್ಪ ಹೆಚ್ಚುವರಿ ಹಾಕಿ! ನಮ್ಮಲ್ಲೂ ಬಾಲ ನ್ಯಾಯ ಕಾಯ್ದೆಯ 105ನೇ ಕಲಮಿನಲ್ಲಿ ರಾಜ್ಯ ನಿಧಿಗೆ ಅವಕಾಶವಿದೆ. ಅದರ ಒಂದು ಪಾಲನ್ನು ತಡೆಯುವ ಕೆಲಸಕ್ಕೆ ಮೀಸಲಿಡಿ ಎಂದು ಜಿಲ್ಲೆಯ ಸಂಸ್ಥೆಗಳು ಒಟ್ಟಾಗಿ ಶಾಸಕರನ್ನು ಕೇಳಬೇಕು.

ಪ್ರಶ್ನೆ: ನಮ್ಮ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗಿ ಏನೋ ಹೇಳಿಕೊಂಡಳು. ಮುಖ್ಯ ಶಿಕ್ಷಕರು ‘ಸುಮ್ನೆ ಇರಿ, ಶಾಲೆ ಹೆಸರು ಹಾಳಾಗುತ್ತದೆ, ನಿಮ್ಮ ಅನುದಾನವೂ ಹೋಗುತ್ತದೆ’ ಎಂದರು. ಏನು ಮಾಡಲಿ?

ಉತ್ತರ: ಇವತ್ತೇ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೋ, ಪೊಲೀಸ್ ಠಾಣೆಗೋ ಹೇಳಿ. ಪೋಕ್ಸೋ ಕಾಯ್ದೆಯ 19ನೇ ಕಲಮಿನಡಿ ತಿಳಿಸುವುದು ಕಡ್ಡಾಯ. ತಿಳಿಸದವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಒಳ್ಳೆಯ ನಂಬಿಕೆಯಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ. ಮುಚ್ಚಿಟ್ಟು ಉಳಿಸಿಕೊಳ್ಳುವ ಅನುದಾನ ನಿಮಗೆ ಬೇಡವೇ ಬೇಡ. ಆ ಹುಡುಗಿಯನ್ನು ಮತ್ತೆ ಮತ್ತೆ ಕೇಳಬೇಡಿ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ, ನಂಬಿದ್ದೇನೆ ಎಂದು ಹೇಳಿ.

ಇನ್ನು ಮುಂದೆ ಹೀಗೆ ಗೊಂದಲ ಆಗದಂತೆ ನಿಮ್ಮ ಟ್ರಸ್ಟ್‌ಗೆ ಒಂದು ಮಕ್ಕಳ ರಕ್ಷಣಾ ನೀತಿ ಬರೆದು ಸಭೆಯಲ್ಲಿ ಠರಾವು ಮಾಡಿ. ಮಕ್ಕಳ ಬಳಿ ಹೋಗುವ ಪ್ರತಿಯೊಬ್ಬ ಸ್ವಯಂಸೇವಕರ ಪೊಲೀಸ್ ಪರಿಶೀಲನೆ ಮಾಡಿಸಿ, ನಿಮ್ಮದನ್ನೂ ಸೇರಿಸಿ. 2020ರ ನಿಯಮಗಳು ಕೇಳುವುದೂ ಇದನ್ನೇ. ಈ ನೀತಿಯ ಪ್ರತಿಯನ್ನು ಪ್ರಸ್ತಾವನೆಗೆ ಲಗತ್ತಿಸಿ. ಆದರೆ ಈ ಹುಡುಗಿಯ ಕಥೆಯನ್ನು ಪ್ರಸ್ತಾವನೆಯಲ್ಲಾಗಲಿ, ವರ್ಷದ ವರದಿಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ ಹಾಕಬೇಡಿ. ಹೆಸರು ಬಿಟ್ಟು ಶಾಲೆ, ಊರು ಬರೆದರೂ ಹಳ್ಳಿಯಲ್ಲಿ ಗುರುತು ಸಿಗುತ್ತದೆ, ಅದು ಅಪರಾಧ ಕೂಡ. ‘ಒಂದು ಪ್ರಕರಣ ಸಂಬಂಧಪಟ್ಟವರಿಗೆ ತಿಳಿಸಲಾಗಿದೆ’ ಎಂಬ ಒಂದೇ ಸಾಲು ಸಾಕು.