ತರಗತಿಯಲ್ಲಿ ಮಗುವಿಗೆ ಫಿಟ್ಸ್ ಬಂದರೆ ಶಿಕ್ಷಕರು ಏನು ಮಾಡಬೇಕು?

ಮೂರನೇ ತರಗತಿಗೆ ಫಿಟ್ಸ್ ಇರುವ ಹುಡುಗ ಸೇರಿದ್ದಾನೆ, ನೆನೆಸಿಕೊಂಡರೇ ಕೈಕಾಲು ನಡುಗುತ್ತವೆ ಎಂದು ಬರೆದಿದ್ದೀರಿ ಮೇಡಂ. ನಾನೂ ಸರ್ಕಾರಿ ಶಾಲೆಯ ಮೇಷ್ಟ್ರು. ಮೊದಲ ಸಲ ನಾನು ಮಾಡಿದ್ದೆಲ್ಲ ತಪ್ಪು.

ಐದನೇ ತರಗತಿಯವನು. ಭಾಗಾಕಾರ ಮಾಡಲು ಬೋರ್ಡಿನ ಹತ್ತಿರ ಬಂದವನು ಸೀಮೆಸುಣ್ಣ ಹಿಡಿದಂತೆಯೇ ಬಿದ್ದ. ಬಿಸಿಯೂಟದ ಅಡುಗೆಯವರು ಓಡಿಬಂದು ಉಗ್ರಾಣದ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ನಾಲಿಗೆ ಕಚ್ಚಿಕೊಂಡಾನು ಎಂದು ನಾನು ಸ್ಟೀಲ್ ಚಮಚವನ್ನು ಬಾಯಿಗೆ ಹಾಕಿದೆ. ಮುಂದಿನ ಹಲ್ಲಿನ ಚೂರು ಹಾರಿತು. ಹಾಲುಹಲ್ಲಲ್ಲ ಅದು. ಈಗಲೂ ಬಸ್ ನಿಲ್ದಾಣದಲ್ಲಿ ಸಿಕ್ಕಿ ಅವನು ನಕ್ಕರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಬೀಗದ ಕೈ ಕೊಟ್ಟ ಮೇಲೆ ನಿಂತಿತಲ್ಲ ಎಂದು ಅಡುಗೆಯವರ ವಾದ. ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಗೊಂಚಲು ಹುಡುಕಿ ತರುವಷ್ಟರಲ್ಲಿ ಅಷ್ಟು ಹೊತ್ತಾಗಿರುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ. ಈರುಳ್ಳಿ, ಚಪ್ಪಲಿ ಮೂಸಿಸುವವರ ಕಥೆಯೂ ಇದೇ.

ಮಾಡಬೇಕಾದದ್ದು ಕಡಿಮೆ. ಗಡಿಯಾರ ನೋಡಿ. ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಕೊರಳ ಗುಂಡಿ ಬಿಚ್ಚಿ ಮಗ್ಗುಲಾಗಿ ಹೊರಳಿಸಿ. ಜೊಲ್ಲು ಹೊರಗೆ ಹರಿಯಲಿ. ಕೈಕಾಲನ್ನು ಅದುಮಿ ಹಿಡಿಯಬೇಡಿ. ಬಾಯಿಗೆ ಏನನ್ನೂ ಹಾಕಬೇಡಿ, ಪೂರ್ತಿ ಎಚ್ಚರವಾಗುವವರೆಗೆ ನೀರನ್ನೂ. ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮುನ್ನವೇ ಮತ್ತೆ ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಎಂಬ ಔಷಧದ ಸ್ಪ್ರೇಯನ್ನು ವೈದ್ಯರು ಕೊಟ್ಟಿದ್ದಾರೆಯೇ, ಯಾವಾಗ ಹೊಡೆಯಬೇಕು ಎಂದು ಮನೆಯವರನ್ನು ಈಗಲೇ ಕೇಳಿ ಬರೆಸಿಟ್ಟುಕೊಳ್ಳಿ.

ಮಾತ್ರೆ ತಪ್ಪಿದರೆ, ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ನನ್ನ ಹುಡುಗ ಬಿದ್ದದ್ದೂ ಊರ ಜಾತ್ರೆ ಮುಗಿದ ಮರುದಿನ: ಮೂರು ದಿನ ಮಾತ್ರೆಯಿಲ್ಲ, ರಾತ್ರಿಯೆಲ್ಲ ಬಯಲಾಟ. ಅಲ್ಲಿಂದ ಮುಂದೆ ಹಬ್ಬದ ಮರುದಿನ ಅವನನ್ನು ಹತ್ತಿರ ಕರೆದು ಮೆಲ್ಲಗೆ ವಿಚಾರಿಸುತ್ತಿದ್ದೆ.

ಇನ್ನೊಂದು ಬಗೆಯಿದೆ, ಅದರಲ್ಲಿ ಮಗು ಬೀಳುವುದೇ ಇಲ್ಲ. ಕೆಲವು ಕ್ಷಣ ದಿಟ್ಟಿಸುತ್ತಾ ಮಂಕಾಗಿ ಕುಳಿತು, ಏನೂ ಆಗದಂತೆ ಮತ್ತೆ ಬರೆಯತೊಡಗುತ್ತದೆ. ಗಮನವಿಲ್ಲ ಎಂದು ನಾವು ಗದರುತ್ತೇವೆ. ದಿನಕ್ಕೆ ಹಲವು ಬಾರಿ ಹಾಗಾದರೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರಲಿ ಎಂದು ಕಾಯದೆ ಮನೆಯವರಿಗೆ ತಿಳಿಸಿ ವೈದ್ಯರಿಗೆ ತೋರಿಸಿ.

ಇಷ್ಟೂ ಸುಲಭದ ಭಾಗ. ಕಷ್ಟ ಶುರುವಾಗುವುದು ಫಿಟ್ಸ್ ನಿಂತ ಮೇಲೆ. ಮರುದಿನ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನೊರೆ ತಾಗಿದರೆ ನಮಗೂ ಅಂಟುತ್ತದೆ ಎಂದು ಯಾರದೋ ಅಜ್ಜಿ ಹೇಳಿದ್ದರಂತೆ. ಅಂಟುವುದಿಲ್ಲ ಎಂದು ಒಂದು ಮಾತು ಹೇಳಿ, ಊಟದ ಹೊತ್ತಿಗೆ ತಟ್ಟೆ ಹಿಡಿದು ಅವನ ಪಕ್ಕ ಕುಳಿತೆ. ನಾಲ್ಕನೇ ದಿನ ಒಬ್ಬ ಬಂದ, ಅದೂ ಇವನ ಪಾಲಿನ ಬಾಳೆಹಣ್ಣಿನ ಆಸೆಗೆ. ಬರಲಿ ಬಿಡಿ, ಬಂದನಲ್ಲ.

ಫಿಟ್ಸ್ ಬಂದ ಹೊತ್ತಿನಲ್ಲಿ ಬಟ್ಟೆಯಲ್ಲೇ ಮೂತ್ರ ಹೋಗುವುದೂ ಉಂಟು. ಎಚ್ಚರವಾದ ಮಗು ಮೊದಲು ನೋಡಿಕೊಳ್ಳುವುದು ಅದನ್ನೇ. ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಮೇಲೊಂದು ಶಾಲು ಹೊದಿಸಿ. ನನ್ನ ಬೀರುವಿನಲ್ಲಿ ಸೀಮೆಸುಣ್ಣದ ಡಬ್ಬಿಗಳ ಹಿಂದೆ ಸಮವಸ್ತ್ರದ ಒಂದು ಚಡ್ಡಿ ಸದಾ ಇರುತ್ತದೆ. ನಿಮ್ಮ ಹುಡುಗನ ಅಳತೆಯನ್ನು ಅವನ ತಾಯಿಯಿಂದ ಕೇಳಿಟ್ಟುಕೊಳ್ಳಿ.